ಏಳನೆಯ ಪ್ಯಾಕೆಟ್ಟು

ಫೋನು ಬಂದಾಗ ಫ್ರೀಜರಿನ ಐಸು ಕೆರೆಯುತ್ತಿದ್ದೆ.
ಸಪ್ಲೈ ಹುಡುಗ ಒಂದೇ ಉಸಿರಿಗೆ ಹೇಳಿದ:
‘ದಾದಾಪೀರಣ್ಣ, ಆ ಮಸಾಲೆ ಕೋಳಿ, ಕೆಂಪು ಪ್ಯಾಕೆಟ್ಟು,
ಬ್ಯಾಚು ನಾನೂರ ಹನ್ನೆರಡು, ಮಾರ್ಬ್ಯಾಡ.
ಶೇಂಗಾ ಪುಡಿ ಐತಂತೆ. ಚೀಟಿಯಾಗೆ ಬರ್ದಿಲ್ಲ.’

ಮೊದಲು ನಗು ಬಂತು.
ಚಳ್ಳಕೆರೆಯಲ್ಲಿ ಶೇಂಗಾಕ್ಕೆ ಚೀಟಿಯೇ?
ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದರೂ
ಗೋಡೆಗಳು ಇನ್ನೂ ಎಣ್ಣೆ ಬೆವರುತ್ತವೆ ಇಲ್ಲಿ,
ಒಂದು ಮಳೆ ಬಿದ್ದರೆ ಚರಂಡಿ ನೀರಿಗೂ ಕಾಮನಬಿಲ್ಲು.

ಆಮೇಲೆ ನಾಗವೇಣಿ ನೆನಪಾದಳು.

ನನ್ನ ಅಂಗಡಿಗೆ ಬರುವವರಲ್ಲಿ
ಪ್ಯಾಕೆಟ್ಟಿನ ಬೆನ್ನು ಓದುವವಳು ಅವಳೊಬ್ಬಳೇ.
ಮಿಕ್ಕವರಿಗೆ ರೇಟು, ತಾರೀಖು,
ಕೆಲವರಿಗೆ ಹಲಾಲಿನ ಮುದ್ರೆ.
ಅವಳು ಟ್ಯೂಬ್‌ಲೈಟಿನ ಅಡಿ ನಿಂತು
ಸಾಸಿವೆಗಿಂತ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಓದುತ್ತಾಳೆ.
ಇಂಗ್ಲಿಷು ಗಂಟು ಬಿದ್ದರೆ ನನ್ನ ಮಗಳನ್ನು ಕರೆಯುತ್ತಾಳೆ.

ಅವಳ ಹನುಮೇಶನಿಗೆ ಈಗ ಆರು ತುಂಬುತ್ತದೆ.
ಅಂಗನವಾಡಿಯಲ್ಲಿ ಯಾರೋ ಕೊಟ್ಟ ಚಿಕ್ಕಿಯ ಚೂರು;
ತುಟಿ ಬಾತು, ಕತ್ತು ಬಿಗಿದು,
ದುರ್ಗ ಮುಟ್ಟುವವರೆಗೂ ಆಂಬುಲೆನ್ಸಿನಲ್ಲಿ
ಅವನ ಎದೆಯೊಳಗೆ ತೂತುಬಿದ್ದ ಸೈಕಲ್ ಪಂಪಿನ ಸದ್ದು.
ಅಂದಿನಿಂದ ಆ ಮನೆಯಲ್ಲಿ ಚಟ್ನಿಪುಡಿಯ ಡಬ್ಬಿಯಿಲ್ಲ.
ನೆಂಟರು ಆಡಿಕೊಳ್ಳುತ್ತಾರೆ,
ಮೀನಿನ ಮರಿಗೆ ನೀರು ಆಗಿಬರಲ್ವಂತೆ ಎಂದು.

ಶ್ರಾವಣ. ವ್ಯಾಪಾರ ಮಲಗಿತ್ತು.
ಅರ್ಧ ರೇಟಿಗಿಟ್ಟರೂ ಹೋದದ್ದು ಏಳೇ.
ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದೆ:
ಐಟಿಐ ಹುಡುಗರು, ಎರಡು. ಕವರನ್ನೂ ನೆಕ್ಕಿ ಬಿಸಾಡಿದ್ದರು.
ಬಳ್ಳಾರಿ ರೋಡಿನ ಡಾಬಾ, ಎರಡು.
ಒಂದನ್ನು ವಾಪಸ್ಸು ಕೊಟ್ಟ, ಇನ್ನೊಂದಕ್ಕೆ ಭುಜ ಕುಣಿಸಿದ.
ನಮ್ಮ ಮನೆಗೆ, ಒಂದು.
ಅಲ್ಲಿ ಪೆನ್ನು ನಿಂತಿತು.
ಮೊದಲ ತುತ್ತಿಗೇ ಶಮೀಮಬಾನು ಅಂದಿದ್ದಳು,
‘ಶೇಂಗಾ ಹಾಕ್ಯಾರೆ ಕಣ್ರೀ ಇದಕ್ಕೆ.’
‘ಚೀಟಿಯಾಗೆ ಇಲ್ವಲ್ಲ’ ಅಂದಿದ್ದೆ ನಾನು,
ಅಂದು, ಮತ್ತೆರಡು ತುಂಡು ಬಡಿಸಿಕೊಂಡಿದ್ದೆ.

ಪಾವಗಡ ರಸ್ತೆ. ಟಿವಿಎಸ್ಸು ಹಾಕಿದ ಕಡೆ ಬಿದ್ದರೂ ಎತ್ತಲಿಲ್ಲ.
ಹೊಲಿಗೆಯ ಟೇಪು ಕೊರಳಲ್ಲಿಟ್ಟುಕೊಂಡೇ ಬಾಗಿಲು ತೆಗೆದಳು.
ಕೇಳಲು ನಾಲಗೆ ಏಳಲಿಲ್ಲ.
ಹೊಸ್ತಿಲ ಬಳಿ ಹುಡುಗನ ಚಪ್ಪಲಿ ನೋಡಿದೆ.
ಒಂದೇ ಇತ್ತು.

(ಇನ್ನೊಂದು, ಓಣಿಯ ಆಚೆ,
ಕ್ರಿಕೆಟ್ಟಿಗೆ ವಿಕೆಟ್ಟಾಗಿ ಮಣ್ಣಲ್ಲಿ ನಿಂತಿತ್ತು.)

‘ಅಮಾಸೆ ಕಳೀಲಿ ಅಂತ ಇಟ್ಟಿದ್ದೆ,
ಅವನ ಹುಟ್ಟಿದಬ್ಬಕ್ಕೆ’ ಅಂದಳು,
ಐಸಿನೊಳಗಿಂದ ಕೆಂಪು ಪ್ಯಾಕೆಟ್ಟು ಕಿತ್ತು ತೆಗೆದು.
ಗೋಡೆಯ ಕ್ಯಾಲೆಂಡರಿನಲ್ಲಿ ಇನ್ನೂ ಐದು ಮನೆ ಬಾಕಿ.

ವಿಷಯ ಹೇಳಿದೆ.
ಅವಳು ಬೈಯಲಿಲ್ಲ.
ಸೆರಗಲ್ಲಿ ಹನಿ ಒರೆಸಿ, ಬೆಳಕಿಗೆ ಹಿಡಿದು,
ಮೇಲಿಂದ ಕೆಳಗೆ ಇನ್ನೊಮ್ಮೆ ಬೆರಳಾಡಿಸಿದಳು.
‘ಓದಿದ್ದೆ ಅಣ್ಣ. ಎರಡು ಸಲ ಓದಿದ್ದೆ.’
ತಪ್ಪು ತನ್ನದೇ ಎಂಬ ಹಾಗೆ.

ಆರಾಯಿತು.
ಏಳನೆಯದನ್ನು ಕೊಂಡವನ ಮುಖ ನೆನಪಿಲ್ಲ.
ಬಸ್ಸು ಹಾರ್ನು ಹೊಡೆಯುತ್ತಿತ್ತು, ಚಿಲ್ಲರೆ ಬೇಡ ಅಂದ.
ಒಂದು ಕೈಯಲ್ಲಿ ನನ್ನ ಪ್ಯಾಕೆಟ್ಟು,
ಇನ್ನೊಂದರಲ್ಲಿ ದಾರ ಕಟ್ಟಿದ
ಮಕ್ಕಳ ನೀರಿನ ಬಾಟಲಿ.

ಶಟರಿಗೆ ಹಾಳೆ ಅಂಟಿಸಿದ್ದೇನೆ,
ಮಗಳ ಕೈಯಲ್ಲಿ ಬರೆಸಿ, ದಪ್ಪ ಕನ್ನಡದಲ್ಲಿ:
ಶೇಂಗಾ ಇದೆ. ಕೆಳಗೆ ನನ್ನ ನಂಬರು.
ಆ ಬಸ್ಸು ಹೋದ ಊರಲ್ಲಿ ಅದನ್ನು ಯಾರು ಓದುತ್ತಾರೆ.

ರಾತ್ರಿ ಫೋನು ದಿಂಬಿನ ಪಕ್ಕ.
ರಿಂಗಾದರೆ ಎದ್ದು ಕೂರುತ್ತೇನೆ.
ಆಗದಿದ್ದರೂ.